ತಿರುಗುವ ಪಡಸಾಲೆ

ಕೆರೂರಿನ ನಮ್ಮ ಮನೆ ಈಗ ಇಲ್ಲ. ಬಾದಾಮಿ ತಾಲೂಕಿನ ಆ ಊರನ್ನು ವಾಚಕರಲ್ಲಿ ಕೆಲವರಾದರೂ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಕಂಡಿರಬಹುದು. ಬಸ್ಸು ಅಲ್ಲಿ ನಿಲ್ಲುವ ಹೊತ್ತಿನಲ್ಲಿ ಒಂದು ಚಹಾ ಕುಡಿದಿದ್ದರೂ ಆಶ್ಚರ್ಯವಿಲ್ಲ. ಆದರೆ ಹೆದ್ದಾರಿಯನ್ನು ಬಿಟ್ಟು ಹಳೆಯ ಊರಿನ ಓಣಿಗಳೊಳಗೆ ಕಾಲಿಡುವ ಪ್ರಯಾಣಿಕರು ವಿರಳ. ಅಂಥದೊಂದು ಓಣಿಯಲ್ಲಿ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ನಮ್ಮ ಮನೆಯಿತ್ತು. 2019ರ ಯುಗಾದಿಗೆ ಮುಂಚೆಯೇ ಅದನ್ನು ಕೊಂಡವರು ಕೆಡವಿ ಅಂಗಡಿಗಳನ್ನು ಕಟ್ಟಿಸಿದರು.

ಮನೆ ಇಲ್ಲವೆಂದೆನಷ್ಟೆ. ಆದರೆ ಬೆಂಗಳೂರಿನಲ್ಲಿ ನನ್ನ ಮೇಜಿನ ಮೇಲಿರುವ ಹಳೆಯ ಕಂಪ್ಯೂಟರಿನೊಳಗೆ ಆ ಮನೆಯ ಪಡಸಾಲೆಯಿದೆ. ಮೌಸನ್ನು ಎಡಕ್ಕೆ ಎಳೆದರೆ ತಂದೆಯವರು ಕುಳಿತು ಜೋಳದ ವ್ಯಾಪಾರದ ಲೆಕ್ಕ ಬರೆಯುತ್ತಿದ್ದ ಮೂಲೆ ಕಾಣುತ್ತದೆ. ಬಲಕ್ಕೆ ಎಳೆದರೆ ತಲೆಬಾಗಿಲು. ಮೇಲಕ್ಕೆ ನೂಕಿದರೆ ತೊಲೆ, ಜಂತಿ, ಬೆಳಕಿಂಡಿ. ಸುತ್ತು ಹಾಕಿ ಮತ್ತೆ ಹೊರಟಲ್ಲಿಗೇ ಬರಬಹುದು. ಚಿತ್ರಕ್ಕೆ ಅಂಚೆಂಬುದೇ ಇಲ್ಲ.

ಇದು ನನ್ನ ಮಗಳ ಉಪಾಯ. 2018ರ ದೀಪಾವಳಿಯ ರಜೆಯಲ್ಲಿ, ಮನೆ ಮಾರುವ ಮಾತು ಅಣ್ಣತಮ್ಮಂದಿರೊಳಗೆ ಇತ್ಯರ್ಥವಾದ ಮೇಲೆ, ನಾನೂ ಅವಳೂ ಊರಿಗೆ ಹೊರಟಿದ್ದೆವು. ಅವ್ವನಿಗೆ ಆಗಲೇ ಎಂಬತ್ತು ದಾಟಿತ್ತು; ಮೊಣಕಾಲು ಬಸ್ಸಿನ ಮೆಟ್ಟಿಲನ್ನು ಒಪ್ಪುತ್ತಿರಲಿಲ್ಲ. ಕೊನೆಯ ಸಲ ಮನೆ ನೋಡಬೇಕೆಂಬ ಆಸೆಯನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದುದರಿಂದಲೇ ನನಗೆ ಹೆಚ್ಚು ಕಸಿವಿಸಿಯಾಯಿತು. "ಅಜ್ಜಿಯನ್ನು ಮನೆಗೆ ಕರೆದೊಯ್ಯಲಾಗದಿದ್ದರೆ ಮನೆಯನ್ನೇ ಅಜ್ಜಿಯ ಹತ್ತಿರ ತರೋಣ, ಅಪ್ಪಾ" ಎಂದಳು ಮಗಳು. ಹುಡುಗರ ಮಾತೆಂದು ನಕ್ಕೆ.

ಸುತ್ತಲ ನೋಟವನ್ನು ಹಿಡಿದಿಡುವ ಆಸೆ ಹೊಸದೇನಲ್ಲ. 1787ರಲ್ಲಿಯೇ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು ದುಂಡನೆಯ ಕಟ್ಟಡದ ಒಳಗೋಡೆಗೆ ಊರಿನ ಚಿತ್ರವನ್ನು ಸುತ್ತಿಸಿ, ನೋಡುವವರನ್ನು ನಡುವೆ ನಿಲ್ಲಿಸುವ ಉಪಾಯಕ್ಕೆ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದಿದ್ದನು. ಗಣಕಯಂತ್ರದ ಕಾಲ ಬಂದಾಗ, ಇಲ್ಲದ ಸ್ಥಳದಲ್ಲಿ ಇದ್ದಂತೆ ತೋರಿಸುವ ವಿದ್ಯೆ ಬಲು ದುಬಾರಿಯಾಗಿತ್ತು. ತಲೆಗೆ ಶಿರಸ್ತ್ರಾಣದಂಥ ಯಂತ್ರ ತೊಡಬೇಕು. ಪ್ರತಿಯೊಂದು ಗೋಡೆಯನ್ನೂ ಕಂಬವನ್ನೂ ಯಂತ್ರವು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬರೆಯಬೇಕು. 1995ರಲ್ಲಿ ಆಪಲ್ ಕಂಪನಿಯ ಶೆನ್‌ಚಾಂಗ್ ಎರಿಕ್ ಚೆನ್ ಎಂಬ ತಜ್ಞನು ಬೇರೊಂದು ದಾರಿಯನ್ನು ಪ್ರಕಟಿಸಿದನು. ಗೋಡೆಯನ್ನು ಏಕೆ ಬರೆಯಬೇಕು? ಅದರ ಛಾಯಾಚಿತ್ರ ಇದೆಯಲ್ಲ! ಸುತ್ತಲೂ ತೆಗೆದ ಚಿತ್ರಗಳನ್ನು ಮೊದಲೇ ಹೊಲಿದು ಕೊಳವೆಯಂತೆ ಸುತ್ತಿ ಇಟ್ಟುಬಿಟ್ಟರೆ, ನೋಡುವಾಗ ಕಣ್ಣೆದುರಿಗೆ ಬಂದ ತುಂಡನ್ನು ಮಾತ್ರ ನೆಟ್ಟಗೆ ಮಾಡಿ ತೋರಿಸಿದರೆ ಸಾಕು. ಕಷ್ಟದ ಕೆಲಸವೆಲ್ಲ ಮುಂಚೆಯೇ ಮುಗಿದಿರುವುದರಿಂದ ಮನೆಯ ಸಾಧಾರಣ ಕಂಪ್ಯೂಟರೂ ಅದನ್ನು ಸಲೀಸಾಗಿ ತಿರುಗಿಸುತ್ತದೆ. ಕ್ವಿಕ್‌ಟೈಮ್ ವಿ.ಆರ್. ಎಂದು ಅದರ ಹೆಸರು. ಆ ಹೆಸರು ಈಗ ಮರೆತುಹೋಗಿದೆ. ಉಪಾಯ ಮಾತ್ರ ಎಲ್ಲೆಡೆ ಬಳಕೆಯಲ್ಲಿದೆ.

ನಮ್ಮ ಕೆಲಸಕ್ಕೆ ಬರೋಣ. ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಮೂವತ್ತು ಡಿಗ್ರಿಗೊಂದರಂತೆ ಸುತ್ತಲೂ ಹನ್ನೆರಡು ಚಿತ್ರ, ಸ್ವಲ್ಪ ಮೇಲಕ್ಕೆ ಮುಖಮಾಡಿ ಹನ್ನೆರಡು, ಕೆಳಕ್ಕೆ ಹನ್ನೆರಡು, ನೆತ್ತಿಗೊಂದು, ನೆಲಕ್ಕೊಂದು. ಒಟ್ಟು 38. ಒಂದು ಚಿತ್ರದ ಅಂಚು ಮುಂದಿನದರೊಳಗೆ ಚೆನ್ನಾಗಿ ಸೇರಿಕೊಂಡಿರಬೇಕು. ಇಲ್ಲದಿದ್ದರೆ ಹೊಲಿಗೆಗೆ ಬಟ್ಟೆ ಸಾಲದು. ಕ್ಯಾಮೆರಾವನ್ನು ಸುಮ್ಮನೆ ತಿರುಗಿಸಿದರೂ ಆಗದು. ವಾಚಕರು ಒಂದು ಕಣ್ಣು ಮುಚ್ಚಿ, ಮೂಗಿನ ಮುಂದೆ ಬೆರಳು ಹಿಡಿದು, ತಲೆಯನ್ನು ಮಾತ್ರ ಅತ್ತಿತ್ತ ತಿರುಗಿಸಿ ನೋಡಲಿ: ಹಿಂದಿನ ಗೋಡೆಯ ಮೇಲೆ ಬೆರಳು ಜರುಗುತ್ತದೆ. ತಲೆ ತಿರುಗುವುದು ಕುತ್ತಿಗೆಯ ಮೇಲೆ, ನೋಡುವುದು ಕಣ್ಣು. ಎರಡೂ ಒಂದೇ ಜಾಗದಲ್ಲಿಲ್ಲ. ಮಸೂರವು ಬೆಳಕನ್ನು ಒಳಗೊಳ್ಳುವ ಬಿಂದುವಿನ ಮೇಲೆಯೇ ಕ್ಯಾಮೆರಾ ತಿರುಗಬೇಕು. ಈ ಮರ್ಮ ನಮಗೆ ಅರ್ಥವಾಗುವ ಮುನ್ನ ಪಡಸಾಲೆಯ ಕಂಬವೊಂದು ಎರಡು ಹೋಳಾಗಿತ್ತು. ಅಜ್ಜನ ಕಾಲದ ತೇಗದ ಕಂಬ! ಮತ್ತೆ ಮೊದಲಿನಿಂದ ತೆಗೆದೆವು.

ಬೆಳಕಿನ ತೊಡಕು ಬೇರೆ. ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ. ಎರಡು ಮಾರು ಆಚೆ ಕಗ್ಗತ್ತಲೆ. ಒಂದಕ್ಕೆ ಹೊಂದಿಸಿದರೆ ಇನ್ನೊಂದು ಕೆಡುತ್ತದೆ. ಸಾಲದುದಕ್ಕೆ ನನ್ನ ತಮ್ಮ "ಏನ ನಡಿಸೀರಿ?" ಎಂದು ಒಳಗೆ ಬಂದು, ಕಂಬದ ಬಳಿ ನಿಂತು, ಮತ್ತೆ ಬಾಗಿಲ ಬಳಿ ಹೋಗಿ ನಿಂತ. ಎರಡು ಚಿತ್ರಗಳಲ್ಲಿಯೂ ಸಿಕ್ಕಿಬಿದ್ದ.

ಕಟ್ಟೆಯ ಮೇಲೆ ಒಂದು, ಪಡಸಾಲೆಯಲ್ಲಿ ಒಂದು, ಮಾಳಿಗೆಯ ಮೇಲೆ ಒಂದು, ಹೀಗೆ ಮೂರು ನೆಲೆ ಮುಗಿಯುವ ವೇಳೆಗೆ ಹೊತ್ತು ಇಳಿದಿತ್ತು. "ಅಡಿಗೆಮನೆ ಬೇಡವೇ, ಅಪ್ಪಾ?" ಎಂದು ಮಗಳು ಕೇಳಿದಳು. ಒಳಗೆ ಇಣುಕಿದೆ. ಮುರಿದ ಬುಟ್ಟಿ, ಹಳೆಯ ಡಬ್ಬ, ಗೋಡೆಗೆ ಐವತ್ತು ವರ್ಷದ ಮಸಿ. "ಅಲ್ಲೇನಿದೆ, ಹೊಗೆ" ಎಂದು ಮುಕ್ಕಾಲಿಯನ್ನು ಮಡಚಿದೆ.

ನಮ್ಮ ಸೀಮೆಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯು ಸರಕಾರದ ಅಪ್ಪಣೆಯಂತೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳ ಚಿತ್ರ ತೆಗೆದನು. ಅವುಗಳಲ್ಲಿ ಕೆಲವು, ಬೇರೆ ಇಬ್ಬರ ಚಿತ್ರಗಳೊಡನೆ, 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಅಚ್ಚಾದವು. ಹಂಪಿಯ ಅವಶೇಷಗಳನ್ನು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬವರು 2006ರಲ್ಲಿ ಸುತ್ತುನೋಟದ ಚಿತ್ರಗಳಾಗಿ ಪ್ರದರ್ಶಿಸಿದರು. ದುಂಡನೆಯ ದೊಡ್ಡ ತೆರೆ, ನಡುವೆ ತಿರುಗುವ ವೇದಿಕೆ. ಮುಂದೆ ಅದು ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ನೆಲೆನಿಂತಿತು. ಗುಡಿಗೆ, ಗವಿಗೆ, ಅರಮನೆಗೆ ಕ್ಯಾಮೆರಾ ಹೋಗುತ್ತದೆ. ನಾನೂ ಆ ಹಾದಿಯಲ್ಲೇ ನಡೆದವನು. ಊರಿನ ಜನ ಕೂಡ್ರುವ ಕಟ್ಟೆ, ಗಂಡಸರು ಮಾತಾಡುವ ಪಡಸಾಲೆ, ಗಾಳಿಪಟ ಹಾರಿಸಿದ ಮಾಳಿಗೆ: ನಾನು ಬೆಳೆದ ಮನೆಯೆಂದರೆ ಅಷ್ಟೇ ಎಂದು ನನ್ನ ತಲೆಯಲ್ಲಿದ್ದಿರಬೇಕು.

ಬೆಂಗಳೂರಿಗೆ ಬಂದು ಹೊಲಿಗೆಗೆ ಕುಳಿತೆವು. ಜರ್ಮನಿಯ ಹೆಲ್ಮುಟ್ ಡೆರ್ಶ್ ಎಂಬ ಪ್ರಾಧ್ಯಾಪಕರು 1998ರಲ್ಲಿ ಇದಕ್ಕಾಗಿ ಕೆಲವು ತಂತ್ರಾಂಶಗಳನ್ನು ರಚಿಸಿ ಧರ್ಮಾರ್ಥವಾಗಿ ಹಂಚಿದ್ದರು. ಅವುಗಳ ತಳಹದಿಯ ಮೇಲೆ ಬೆಳೆದ ಹ್ಯೂಗಿನ್ ಎಂಬುದು ಇಂದಿಗೂ ಬಿಟ್ಟಿಯಾಗಿ ದೊರೆಯುತ್ತದೆ. ಇಂಥ ಮಹನೀಯರಿಗೆ ಯಾರೂ ಸನ್ಮಾನ ಮಾಡುವುದಿಲ್ಲ. ಅದು ಎರಡು ಚಿತ್ರಗಳಲ್ಲಿಯೂ ಇರುವ ಒಂದೇ ಕಲೆ, ಒಂದೇ ಮೊಳೆ, ಒಂದೇ ಬಿರುಕನ್ನು ಹುಡುಕಿ ಜೋಡಿಸುತ್ತ ಹೋಗುತ್ತದೆ. ನಮ್ಮ ಹಳೆಯ ಯಂತ್ರ ರಾತ್ರಿಯೆಲ್ಲ ಗೊರಗುಟ್ಟಿ, ಬೆಳಗಿಗೆ ಎತ್ತರದ ಎರಡರಷ್ಟು ಅಗಲವಾದ ವಿಚಿತ್ರ ಹಾಳೆಯೊಂದನ್ನು ಮುಂದಿಟ್ಟಿತು. ಮೂವತ್ತು ವರ್ಷ ಭೂಗೋಳ ಕಲಿಸಿದ ನನಗೆ ಅದರ ಗುರುತು ಒಡನೆ ಹತ್ತಿತು. ಗೋಳವನ್ನು ಚಪ್ಪಟೆ ಮಾಡಿದ ಪ್ರಪಂಚದ ನಕಾಶೆ! ಸುತ್ತಳತೆ 360 ಡಿಗ್ರಿ, ಮೇಲಿಂದ ಕೆಳಗೆ 180. ಧ್ರುವಪ್ರದೇಶಗಳು ನಕಾಶೆಯಲ್ಲಿ ಹಿಗ್ಗುವಂತೆ ನಮ್ಮ ಬೆಳಕಿಂಡಿ ಮೇಲಂಚಿನ ಉದ್ದಕ್ಕೂ ಹಿಗ್ಗಿತ್ತು. ಮಗಳು ಅದನ್ನು ಮತ್ತೆ ಗೋಳವಾಗಿಸಿ ನಮ್ಮನ್ನು ಒಳಗೆ ನಿಲ್ಲಿಸಿದಳು.

ಅವ್ವನನ್ನು ಕುರ್ಚಿಯಲ್ಲಿ ಕೂಡ್ರಿಸಿದೆವು. ಕನ್ನಡಕ ಒರೆಸಿಕೊಂಡು ನೋಡಿದಳು.

"ನಮ್ಮ ಪಡಸಾಲಿ!"

"ಹೌದವ್ವಾ."

"ಇಷ್ಟ ದೊಡ್ಡದಿತ್ತೇನ ತಮ್ಮಾ ಇದು?"

ಇರಲಿಲ್ಲ, ಅಗಲ ನೋಟದ ಗುಣವದು. ಆದರೆ ನಾನು ತಿದ್ದಲಿಲ್ಲ. ಮಗಳು ಮೆಲ್ಲನೆ ತಿರುಗಿಸಿದಳು. ತಂದೆಯವರ ಮೂಲೆ ಬಂದಾಗ ಅವ್ವ ಸೆರಗು ಸರಿಪಡಿಸಿಕೊಂಡಳು. ಮುಂದೆ ತಮ್ಮ ಬಂದ. ಇನ್ನಷ್ಟು ತಿರುಗಿಸಿದರೆ ಮತ್ತೆ ತಮ್ಮ.

"ಇವ ಅಲ್ಲೂ ನಿಂತಾನ, ಇಲ್ಲೂ ನಿಂತಾನ. ಎರಡ ಪಾಲು ಬೇಕಾಗಿತ್ತೇನ ಇವಗ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಾಲಿನ ಮಾತಿಗೆ ಆಕೆ ನಕ್ಕುದು ಆ ವರ್ಷ ಅದೇ ಮೊದಲು.

ಬಳಿಕ ಬೆರಳನ್ನು ತೆರೆಯ ಮೇಲಿಟ್ಟು, "ಹಾಂ, ಇಲ್ಲಿ. ಒಳಗ ಹೋಗು" ಎಂದಳು. ಅದು ಅಡಿಗೆಮನೆಯ ಬಾಗಿಲು.

"ಹೋಗಾಕ ಬರೂದಿಲ್ಲವ್ವಾ."

"ಯಾಕ? ಬಾಗಲಾ ತಗದೈತಲ್ಲ."

ಕ್ಯಾಮೆರಾ ನಿಂತಲ್ಲಿ ಮಾತ್ರ ನಾವು ನಿಲ್ಲಬಲ್ಲೆವು, ಅಲ್ಲಿಂದ ತಿರುಗಬಹುದೇ ಹೊರತು ಒಂದು ಹೆಜ್ಜೆ ಮುಂದಿಡಲಾಗದು ಎಂದು ತಿಳಿಸಿ ಹೇಳಿದೆ. ಪಾಠ ಹೇಳಿದಂತೆಯೇ ಹೇಳಿದೆ. ಆಕೆ ಕೇಳಿಸಿಕೊಂಡಳು.

"ಒಳಗ ಇಟ್ಟಿದ್ದಿಲ್ಲೇನ ಹಂಗಾದ್ರ?"

"ಇಲ್ಲವ್ವಾ."

"ಇರಲಿ ಬಿಡು. ಅಲ್ಲೇನೈತಿ, ಹೊಗಿ."

ಮಗಳು ನನ್ನ ಮುಖವನ್ನೇ ನೋಡಿದಳು. ಹದಿನಾರರಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳು ಅವ್ವ. ಬೆಳಗಿನ ಜಾವದ ರೊಟ್ಟಿಯ ಸಪ್ಪಳದಿಂದ ರಾತ್ರಿ ಬೂದಿ ಮುಚ್ಚುವವರೆಗೆ ಆಕೆಯ ದಿನ ಕಳೆಯುತ್ತಿದ್ದುದು ಆ ಬಾಗಿಲಿನ ಆಚೆಗೆ. ನಾವು ಹಿಡಿದು ತಂದ ಪಡಸಾಲೆಯಲ್ಲಿ, ಗಂಡಸರಿದ್ದಾಗ, ಆಕೆ ಕುಳಿತುದನ್ನು ನಾನು ಕಂಡ ನೆನಪಿಲ್ಲ. ಅಷ್ಟು ಹೊತ್ತಿಗೆ ಊರಿನಲ್ಲಿ ಗೋಡೆ ನೆಲಸಮವಾಗಿ ತಿಂಗಳು ಕಳೆದಿತ್ತು. ಮತ್ತೊಮ್ಮೆ ಹೋಗಿ ತೆಗೆಯುವಂತಿರಲಿಲ್ಲ.

ಮಗಳು ಸುಮ್ಮನೆ ಕೂರಲಿಲ್ಲ. ಮೂಲ ಚಿತ್ರಗಳಲ್ಲಿ ಆ ಬಾಗಿಲು ಬಿದ್ದದ್ದನ್ನು ಹುಡುಕಿ, ಕತ್ತಲೆಯ ಭಾಗವನ್ನು ಬೆಳಗಿಸಿ, ಹಿಗ್ಗಿಸಿ ಹಿಗ್ಗಿಸಿ ತಂದಳು. ತೆರೆದ ಬಾಗಿಲಿನ ಸಂದಿಯಲ್ಲಿ ಗೇಣಗಲದ ಒಂದು ಪಟ್ಟಿ. ಅದರೊಳಗೆ ರಾಗಿ ಚೆಲ್ಲಿದಂತೆ ಚುಕ್ಕೆಗಳು. ನನಗೆ ಅಲ್ಲಿ ಏನೂ ಕಾಣಲಿಲ್ಲ. ಗೋಡೆಯ ಮೇಲೊಂದು ಕಪ್ಪು ಚೌಕ, ನೆಲದ ಮೇಲೊಂದು ಉಬ್ಬು.

"ಒಲೆಯೇ ಅಜ್ಜಿ ಅದು?" ಎಂದಳು ಮಗಳು.

"ಒಲಿ ಆ ಮಗ್ಗಲಕ್ಕೈತಿ, ಕಾಣೂದಿಲ್ಲ. ಇದು ಒಳ್ಳು. ಮ್ಯಾಲ ಐತಲ್ಲ, ಅದು ದೀಪದ ಮಾಡ. ಅದರಾಗ ಉಪ್ಪಿನ ಗಡಿಗಿ ಇಡತಿದ್ದೆ." ಸ್ವಲ್ಪ ತಡೆದು, "ಸಾಕು, ಇಲ್ಲೇ ನಿಂದರಸು" ಎಂದಳು.

ದೀಪ ಹಚ್ಚುವ ಹೊತ್ತಿಗೆ ಈಗಲೂ ಒಮ್ಮೊಮ್ಮೆ ಬಂದು ಕುರ್ಚಿಯಲ್ಲಿ ಕೂಡ್ರುತ್ತಾಳೆ. ಮೊದಲೆಲ್ಲ ಆ ಚಿತ್ರವು ತಂದೆಯವರ ಮೂಲೆಗೆ ಮುಖಮಾಡಿ ತೆರೆಯುತ್ತಿತ್ತು. ತೆರೆದೊಡನೆ ಅಡಿಗೆಮನೆಯ ಬಾಗಿಲು ಎದುರಿಗೆ ಬರುವಂತೆ ಮಗಳು ಅದನ್ನು ಬದಲಾಯಿಸಿದ್ದಾಳೆ.