ಕತ್ತರಿಯೇ ಚಳಿಗಾಲ

ದ್ರಾಕ್ಷಿ ಬಳ್ಳಿಯ ಕಟ್ಟಿಗೆ ಯಾವ ಕೆಲಸಕ್ಕೂ ಬಾರದು. ಬಾಗಿಲು ಕಿಟಕಿಯ ಮಾತಿರಲಿ, ದನ ಕಟ್ಟುವ ಗೂಟಕ್ಕೂ ಆಗದು. ನೆಟ್ಟಗಿರುವ ಒಂದು ಮೊಳ ತುಂಡು ಹುಡುಕಿದರೂ ಸಿಕ್ಕುವುದಿಲ್ಲ. ಮಾವಿನ ಮರ ಫಲ ಬಿಡುವುದನ್ನು ನಿಲ್ಲಿಸಿದರೆ ಹಲಗೆಯಾದರೂ ಆದೀತು. ಜಾಲಿಗೆ ಹಣ್ಣಿನ ಹಂಗೇ ಇಲ್ಲ, ನೇಗಿಲಾಗಿ ಬಾಳುತ್ತದೆ. ದ್ರಾಕ್ಷಿಗೆ ಮಾತ್ರ ಎರಡನೆಯ ಉದ್ಯೋಗ ಅನ್ನುವುದೇ ಇಲ್ಲ. ಹಣ್ಣು, ಇಲ್ಲವೇ ಒಲೆ. ಇದು ನಾನು ಕಂಡುಹಿಡಿದದ್ದಲ್ಲ. ಸುಮಾರು 2600 ವರ್ಷಗಳ ಹಿಂದೆ ಬಾಬೆಲಿನಲ್ಲಿ ಸೆರೆಯಾಗಿದ್ದ ಪ್ರವಾದಿ ಯೆಹೆಜ್ಕೇಲ ಇದೇ ಗೂಟದ ಮಾತೆತ್ತಿ ತನ್ನ ಜನರನ್ನು ಬೈದಿದ್ದಾನೆ. ಅದು ಅವನ ಪುಸ್ತಕದ 15ನೇ ಅಧ್ಯಾಯ. ಯೇಸುಸ್ವಾಮಿ ತನ್ನನ್ನು ದ್ರಾಕ್ಷಿ ಬಳ್ಳಿ ಎಂದು ಕರೆದುಕೊಂಡದ್ದು ಯೋಹಾನನ ಸುವಾರ್ತೆಯ 15ನೇ ಅಧ್ಯಾಯ. ಅಧ್ಯಾಯಗಳಿಗೆ ಅಂಕಿ ಹಾಕಿದವರು ಎಷ್ಟೋ ಶತಮಾನ ತಡವಾಗಿ ಬಂದವರು, ಹಾಗಾಗಿ ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಚಿಕ್ಕಂದಿನಲ್ಲಿ ವಚನ ಬಾಯಿಪಾಠ ಮಾಡಿದವರಿಗೆ ಇಂಥ ಲೆಕ್ಕಗಳು ಮರೆಯುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಗದಗ ಬೆಟಗೇರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಘಟ್ಟ ಹತ್ತಿ, ಧಾರವಾಡ ಹುಬ್ಬಳ್ಳಿಗಳಲ್ಲಿ ನೆಲೆಯೂರಿ, 1841ರಲ್ಲಿ ಬೆಟಗೇರಿಗೂ ಬಂದರು. ನಮ್ಮ ಮನೆತನದ ಕ್ರೈಸ್ತ ನಂಬಿಕೆ ಆ ದಾರಿಯಲ್ಲಿ ಬಂದದ್ದು. ಅಜ್ಜಿ ಜರ್ಮನ್ ದವಾಖಾನೆಯಲ್ಲಿ ಆಯಾ ಆಗಿದ್ದಳು. ರೋಗಿಗಳನ್ನು ನೋಡಲು ಬರುವವರು ಕಾಗದದ ಪೊಟ್ಟಣದಲ್ಲಿ ದ್ರಾಕ್ಷಿ ತರುತ್ತಿದ್ದರು. ರೋಗಿಗೆ ಸೇರದೆ ಉಳಿದದ್ದು ಅಜ್ಜಿಯ ಸೆರಗಿನ ತುದಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಹಾಗಾಗಿ ಬಹಳ ಕಾಲ ನನ್ನ ಮೂಗಿಗೆ ದ್ರಾಕ್ಷಿಯೂ ಫಿನಾಯಿಲೂ ಒಂದೇ ಕುಲದವು.

ಹಣ್ಣು ತಿಂದಿದ್ದೆವು, ಬಳ್ಳಿ ನೋಡಿರಲಿಲ್ಲ. ಭಾನುವಾರದ ಶಾಲೆಯ ಟೀಚರೂ ನೋಡಿರಲಿಲ್ಲ. ‘ಹೀರೇಕಾಯಿ ಬಳ್ಳಿ ಇರ್ತೈತಲ್ಲ, ಹಂಗ’ ಎಂದು ಅವರು ಪಾಠ ಮುಗಿಸಿದರು. ಹೀರೇ ಬಳ್ಳಿ ಹಿತ್ತಿಲಲ್ಲೇ ಇತ್ತು. ಅದನ್ನು ಯಾರೂ ಕತ್ತರಿ ಹಿಡಿದು ಸವರಿದ್ದನ್ನು ನಾವು ಕಂಡಿರಲಿಲ್ಲ. ಆದ್ದರಿಂದ ಫಲ ಕೊಡದ ಕೊಂಬೆಯನ್ನು ಬೆಂಕಿಗೆ ಹಾಕುತ್ತಾರೆ ಎಂಬಷ್ಟೇ ತಲೆಯಲ್ಲಿ ಉಳಿಯಿತು, ಅದೂ ಪರೀಕ್ಷೆಯ ಭಯದಂತೆ. ಮಿಶನ್ನಿನ ಪಾದ್ರಿಗಳಿಗೆ ಈ ಕಷ್ಟವಿರಲಿಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಬ್ರಾಕನ್‌ಹೈಮಿನಲ್ಲಿ. ಅದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ದ್ರಾಕ್ಷಿಗೇ ಹೆಸರಾದ ಊರು. ಅವರು ಈ ಅಧ್ಯಾಯ ಬೋಧಿಸುವಾಗ ಅವರ ಕಣ್ಣೆದುರು ಗುಡ್ಡದ ತುಂಬ ದ್ರಾಕ್ಷಿ ಇದ್ದಿರಬೇಕು, ಕೇಳುವವರ ಕಣ್ಣೆದುರು ವೀಳ್ಯದೆಲೆ ಬಳ್ಳಿ.

ನನಗೆ ಬಳ್ಳಿ ಕಂಡದ್ದು ನೌಕರಿಯ ದೆಸೆಯಿಂದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ವಿಜಯಪುರ ಜಿಲ್ಲೆಗೆ ವರ್ಗವಾಯಿತು. ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಅದು. ತಿಕೋಟಾ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಅಜ್ಜ, ಊರಿಗೆಲ್ಲ ಕಾಕಾ, ದ್ರಾಕ್ಷಿ ಪಡ ಮಾಡಿದ್ದರು. ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಪಡದಲ್ಲಿರುತ್ತಿದ್ದ ಮನುಷ್ಯ. ಏಪ್ರಿಲ್ ರಜೆಯಲ್ಲಿ ಒಂದು ದಿನ ಹೋದೆ. ‘ಹಣ್ಣಿನ ದಿನದಾಗ ಬರೂದು ಬಿಟ್ಟು ಚಾಟ್ನಿಗೆ ಬಂದ್ರಲ್ಲ ಅಕ್ಕೋರ’ ಎಂದು ನಕ್ಕರು.

ಚಾಟ್ನಿ ಅಂದರೆ ಕಡ್ಡಿ ಸವರುವುದು. ಹಣ್ಣು ಕೊಯ್ದ ಮೇಲೆ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಏಪ್ರಿಲ್ ಚಾಟ್ನಿ ನೋಡಲು ಗಟ್ಟಿ ಎದೆ ಬೇಕು. ಎಲೆ ತುಂಬಿಕೊಂಡು ನಿಂತ ಹಸಿರು ಕಡ್ಡಿಗಳನ್ನು ಒಂದೋ ಎರಡೋ ಕಣ್ಣು ಮಾತ್ರ ಬಿಟ್ಟು ಕಚಕಚನೆ ಕತ್ತರಿಸುತ್ತ ಹೋಗುತ್ತಾರೆ. ಸಂಜೆಗೆ ಇಡೀ ಪಡ ಬೋಳು. ಕಂಬ, ತಂತಿ ಮತ್ತು ಗಂಟುಗಂಟು ಕಾಂಡ. ತಡೆಯದೆ ಕೇಳಿದೆ: ‘ಕಾಕಾ, ಇಷ್ಟು ಛಲೋ ಕಡ್ಡಿ ಯಾಕ ಕಡೀತೀರಿ?’

‘ಕೆಟ್ಟದ್ದನ್ನ ಕಡಿಯಾಕ ರೈತ ಯಾಕ ಬೇಕ್ರಿ? ಅದು ತಾನ ಒಣಗತೈತಿ. ಕಡಿಯೂದು ಛಲೋದನ್ನ.’

ಯೋಹಾನನ 15ರ ಎರಡನೆಯ ವಚನ ಅಷ್ಟು ವರ್ಷ ಬಾಯಲ್ಲಿತ್ತು. ಅದರಲ್ಲಿ ಎರಡು ಮಾತುಗಳಿವೆ. ಫಲ ಕೊಡದ ಕೊಂಬೆಯನ್ನು ತಂದೆ ತೆಗೆದುಹಾಕುತ್ತಾನೆ ಎಂಬುದು ಒಂದು. ಫಲ ಕೊಡುವುದನ್ನೂ ಆತನು ಸವರುತ್ತಾನೆ, ಇನ್ನೂ ಹೆಚ್ಚು ಕೊಡಲೆಂದು, ಎಂಬುದು ಇನ್ನೊಂದು. ನಮ್ಮ ಭಯವೆಲ್ಲ ಮೊದಲನೆಯದರ ಮೇಲೆ ಖರ್ಚಾಗಿಬಿಟ್ಟಿತ್ತು. ಕತ್ತರಿ ಹೆಚ್ಚಾಗಿ ಆಡುವುದು ಎರಡನೆಯದರ ಮೇಲೆ ಎಂಬುದನ್ನು ಲಿಂಗ ಕಟ್ಟಿದ ಹಿರಿಯರೊಬ್ಬರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು.

ಇನ್ನೊಂದನ್ನೂ ಹೇಳಿದರು. ‘ಥಂಡಿ ದೇಶದಾಗ ಹಿಮ ಬಿದ್ದು ಬಳ್ಳಿ ಮಲಗತೈತಂತ. ನಮ್ಮಲ್ಲಿ ಅಂಥಾ ಥಂಡಿ ಎಲ್ಲೈತ್ರಿ? ಇಲ್ಲಿ ಕತ್ತರಿನ ಅದಕ್ಕ ಚಳಿಗಾಲ.’ ಇದು ಅಕ್ಷರಶಃ ನಿಜ. ಯೆಹೂದದ ಗುಡ್ಡಗಳಲ್ಲಿ ಚಳಿಗಾಲ ಬಂದರೆ ಎಲೆ ತಾನಾಗಿ ಉದುರಿ ಬಳ್ಳಿ ವಿಶ್ರಾಂತಿಗೆ ಹೋಗುತ್ತದೆ. ನಮ್ಮ ಬಿಸಿಲುನಾಡಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ, ನೋಡುವವರಿಗೆ ಚೆಂದ, ಗೊಂಚಲು ಮಾತ್ರ ಕಾಣದು. ಅದಕ್ಕೇ ಇಲ್ಲಿ ವರ್ಷಕ್ಕೆರಡು ಕತ್ತರಿ.

ಏಪ್ರಿಲ್ ಚಾಟ್ನಿಯಾದ ಮೇಲೆ ಹೊಸ ಕಡ್ಡಿ ಚಿಗುರುತ್ತದೆ. ಕಡಿದ ಸುಮಾರು 40ರಿಂದ 60 ದಿನಗಳ ನಡುವೆ, ಆ ಕಡ್ಡಿಯ ಕಣ್ಣುಗಳ ಒಳಗೆ, ಮುಂದೆ ಗೊಂಚಲು ಬರುವುದೋ ಬರೀ ಎಲೆ ಬರುವುದೋ ತೀರ್ಮಾನವಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಾತ್ರ ಗೊತ್ತಾದೀತು. ಆ ದಿನಗಳಲ್ಲಿ ಕಣ್ಣಿನ ಮೇಲೆ ಬಿಸಿಲು ಬೀಳಬೇಕು. ಮೋಡ ಮುಚ್ಚಿದರೆ, ಎಲೆ ಒತ್ತಾಗಿ ನೆರಳಾದರೆ, ಒಳಗಿನ ಗೊಂಚಲು ಕರಗಿತು. ಅಕ್ಟೋಬರ್‌ನಲ್ಲಿ ಆರೇಳು ಕಣ್ಣು ಬಿಟ್ಟು ಮತ್ತೆ ಕಡಿದು, ಎಲ್ಲ ಕಣ್ಣು ಒಟ್ಟಿಗೆ ಒಡೆಯಲೆಂದು ಡಾರ್ಮೆಕ್ಸ್ ಎಂಬ ಔಷಧಿ ಹಚ್ಚುತ್ತಾರೆ. ಕೈಗವಸು ಹಾಕಿಕೊಂಡೇ ಹಚ್ಚಬೇಕಾದ ಉಗ್ರ ಸರಕು. ಒಂದೆರಡು ವಾರದಲ್ಲಿ ಪಡವೆಲ್ಲ ಏಕಕಾಲಕ್ಕೆ ಚಿಗುರಿ ನಿಲ್ಲುತ್ತದೆ, ದಾರಿಹೋಕರು ಗಾಡಿ ನಿಲ್ಲಿಸಿ ನೋಡುವಂತೆ. ಆದರೆ ಔಷಧಿಗೆ ಎಬ್ಬಿಸಲು ಬರುತ್ತದೆಯೇ ಹೊರತು ಹುಟ್ಟಿಸಲು ಬರುವುದಿಲ್ಲ. ಜೂನ್‌ನಲ್ಲಿ ಕಣ್ಣೊಳಗೆ ಗೊಂಚಲು ಕೂತಿರದಿದ್ದರೆ, ಎದ್ದು ಬರುವುದು ಎಲೆ.

ನಮ್ಮ ಸಭೆಗಳಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಉಜ್ಜೀವನ ಕೂಟ ನಡೆಯುತ್ತದೆ. ಶಾಮಿಯಾನ, ದೊಡ್ಡ ಸ್ಪೀಕರ್, ಹೊರಗಿನಿಂದ ಬಂದ ಪ್ರಸಂಗಿಗಳು, ಕಣ್ಣೀರು. ನಾನು ಕೂಟಗಳ ವಿರೋಧಿಯಲ್ಲ, ಎಷ್ಟೋ ಸಲ ಚಹಾ ಅವಲಕ್ಕಿಯ ಉಸ್ತುವಾರಿ ನನ್ನದೇ. ಆದರೆ ಡಾರ್ಮೆಕ್ಸ್ ಡಬ್ಬಿ ನೋಡಿದ ಮೇಲೆ ಅವುಗಳಿಂದ ನಾನು ನಿರೀಕ್ಷಿಸುವುದು ಕಡಿಮೆಯಾಗಿದೆ. ಯಾರೂ ನೋಡದ ಮೇ-ಜೂನ್ ತಿಂಗಳಲ್ಲಿ ಮನೆಯ ಸಂಜೆ ಪ್ರಾರ್ಥನೆ ನಡೆಯಿತೇ, ಸತ್ಯವೇದದ ಮೇಲೆ ಬೆಳಕು ಬಿತ್ತೇ, ಕೇಳಬೇಕಾದದ್ದು ಅದು.

ಯೇಸುಸ್ವಾಮಿ ಈ ಬಳ್ಳಿಯ ಮಾತು ಹೇಳಿದ್ದು ಯೆರೂಸಲೇಮಿನಲ್ಲಿ, ಹಿಡಿದುಕೊಡಲ್ಪಟ್ಟ ರಾತ್ರಿ, ಭೋಜನದ ಮೇಲೆ. ಆ ಊರಿನಲ್ಲಿ ಆಗ ಇನ್ನೊಂದು ಪ್ರಸಿದ್ಧ ದ್ರಾಕ್ಷಿ ಬಳ್ಳಿಯಿತ್ತು, ಬಂಗಾರದ್ದು. ಹೆರೋದನು ಕಟ್ಟಿಸಿದ ದೇವಾಲಯದ ಬಾಗಿಲ ಮೇಲೆ ಹಬ್ಬಿಸಿದ್ದ ಆ ಬಳ್ಳಿಯಿಂದ ಆಳೆತ್ತರದ ಗೊಂಚಲುಗಳು ತೂಗುತ್ತಿದ್ದವೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೆಹೂದ್ಯರ ಮಿಶ್ನಾ ಗ್ರಂಥದಲ್ಲಿ ಅದರ ವ್ಯವಸ್ಥೆಯ ವಿವರವಿದೆ: ಹರಕೆ ಹೊತ್ತವರು ಬಂಗಾರದ ಒಂದು ಎಲೆಯನ್ನೋ, ಒಂದು ಹಣ್ಣನ್ನೋ, ಇಡೀ ಗೊಂಚಲನ್ನೋ ಮಾಡಿಸಿ ತಂದು ಆ ಬಳ್ಳಿಗೆ ತೂಗುಹಾಕುತ್ತಿದ್ದರು. ದಾನಿಗಳ ಹೆಸರು ಬರೆಯುತ್ತಿದ್ದರೋ ಏನೋ. ನಮ್ಮಲ್ಲಾದರೆ ಫ್ಯಾನಿನ ರೆಕ್ಕೆಯನ್ನೂ ಬಿಡದೆ ಬರೆಯುತ್ತೇವೆ, ತಿರುಗುವಾಗ ಯಾರಿಗೂ ಕಾಣದಿದ್ದರೂ. ಕ್ರಿಸ್ತಶಕ 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟು ಕೆಡವಿತು.

ಶಿಷ್ಯರೂ ಆ ಬಂಗಾರದ ಬಳ್ಳಿಯನ್ನು ನೋಡಿದ್ದವರೇ. ತಾನೇ ನಿಜವಾದ ಬಳ್ಳಿ ಎಂದು ಯೇಸು ಹೇಳಿದಾಗ ಅವರಿಗೆ ಅದು ನೆನಪಾಗದೆ ಇರುತ್ತದೆಯೇ? ಒಂದಕ್ಕೆ ಎಲೆ ಹೊರಗಿನಿಂದ ಬಂದು ಸೇರುತ್ತದೆ, ಇನ್ನೊಂದರಲ್ಲಿ ಒಳಗಿನ ರಸ ಎಲೆಯಾಗಿ ಹೊರಬರುತ್ತದೆ. ದೂರದಿಂದ ನೋಡಿದರೆ ಬಂಗಾರದ್ದೇ ಹೆಚ್ಚು ಹೊಳೆಯುತ್ತದೆ. ಮಹಿಳಾ ಅನ್ಯೋನ್ಯತೆಯ ಕಾರ್ಯದರ್ಶಿ, ಗಾಯನ ತಂಡದ ಹಿರಿಯಳು, ಬೆಳೆಹಬ್ಬದ ಹರಾಜಿನ ಲೆಕ್ಕ ಬರೆಯುವವಳು: ನನಗೂ ತೂಗುಬಿದ್ದ ಎಲೆಗಳು ಕಡಿಮೆ ಇರಲಿಲ್ಲ, ಒಳ್ಳೆಯ ತೂಕದವೂ ಹೌದು.

ನಮ್ಮ ಯಜಮಾನರು ತೀರಿಕೊಂಡ ವರ್ಷ ನನಗೆ ಪ್ರಾರ್ಥನೆ ಬರುವುದು ನಿಂತುಹೋಯಿತು. ಬಾಯಿ ತೆರೆದರೆ ಗಂಟಲು ಕಟ್ಟುತ್ತಿತ್ತು, ಆಮೇಲೆ ಅದೂ ಇಲ್ಲ, ಬರೀ ಒಣಗಲು. ‘ದೇವರು ನಿಮ್ಮನ್ನ ಸವರ್‍ಯಾನ’ ಎಂದು ಸಮಾಧಾನ ಹೇಳಲು ಬಂದವರ ಮೇಲೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಗಂಡ ನನ್ನ ಬಳ್ಳಿಯ ಹೆಚ್ಚುವರಿ ಎಲೆಯಾಗಿರಲಿಲ್ಲ. ಸವರುವ ಕತ್ತರಿ ಯಾವುದೆಂದು ಅದೇ ಅಧ್ಯಾಯದ ಮೂರನೆಯ ವಚನದಲ್ಲಿ ಸುಳುಹಿದೆ: ತಾನು ಆಡಿದ ಮಾತಿನಿಂದ ಅವರು ಆಗಲೇ ಶುದ್ಧರಾಗಿದ್ದಾರೆ ಎನ್ನುತ್ತಾನೆ ಸ್ವಾಮಿ. ಕತ್ತರಿ ಆತನ ಮಾತು, ಮನೆಗೆ ಬಂದ ಸಾವಲ್ಲ. ಸತ್ತವರ ಮನೆಗೆ ಹೋಗುವ ನಮ್ಮ ಜನ ಎರಡನೆಯ ವಚನದಲ್ಲೇ ನಿಲ್ಲದೆ ಮೂರನೆಯದನ್ನೂ ಓದಿಕೊಂಡು ಹೋದರೆ ಒಳ್ಳೆಯದು.

ಆ ವರ್ಷವೆಲ್ಲ ಸಂಜೆ ಪ್ರಾರ್ಥನೆ ನಡೆಸಿದ್ದು ನನ್ನ ಅತ್ತೆ. ಮಗನನ್ನು ಕಳೆದುಕೊಂಡವರು ಅವರು. ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸಿ, ಒಂದು ಕಾಲಿಗೆ ದಾರ ಕಟ್ಟಿದ ಕನ್ನಡಕ ಏರಿಸಿ, ತಪ್ಪುತಪ್ಪಾಗಿ ಒಂದು ಕೀರ್ತನೆ ಓದಿ, ‘ಕರ್ತನೇ’ ಎಂದು ಶುರುಮಾಡಿ ಓಣಿಯವರ ಹೆಸರನ್ನೆಲ್ಲ ಹೇಳಿ ಮುಗಿಸುವರು. ನಾನು ಸುಮ್ಮನೆ ಕೂತಿರುತ್ತಿದ್ದೆ. ನನ್ನ ಪಾಲಿನ ಭಕ್ತಿ ಎಂದರೆ ಎದ್ದುಹೋಗದೆ ಕೂತದ್ದು. ಸ್ವಾಮಿ ಆ ಅಧ್ಯಾಯದಲ್ಲಿ ಮತ್ತೆ ಮತ್ತೆ ಕೇಳುವುದೂ ಇಷ್ಟನ್ನೇ: ನೆಲೆಗೊಂಡಿರಿ. ರಸ ಏರಿಸುವ ಕೆಲಸ ಕೊಂಬೆಯದಲ್ಲ.

ಆ ಅಕ್ಟೋಬರ್‌ನಲ್ಲಿ ಮತ್ತೆ ಪಡಕ್ಕೆ ಹೋದೆ. ಆಗ ತಾನೇ ಕಡಿದ ಕಡ್ಡಿಯ ತುದಿಯಲ್ಲಿ ನೀರು ಹನಿಯುತ್ತಿತ್ತು. ಬೇರು ಕೆಳಗಿನಿಂದ ಒತ್ತುವುದನ್ನು ನಿಲ್ಲಿಸಿಲ್ಲ ಎಂಬುದರ ಗುರುತು ಅದು. ಕೆಳಗೆ ಬಿದ್ದ ಕಡ್ಡಿಗಳ ಎಲೆಯೂ ಹಸಿರಾಗಿಯೇ ಇತ್ತು. ಬಳ್ಳಿಯ ಮೇಲಿನದಕ್ಕೂ ನೆಲದ ಮೇಲಿನದಕ್ಕೂ ಬೆಳಗಿನ ಹೊತ್ತು ವ್ಯತ್ಯಾಸ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲು ಏರಬೇಕು.

‘ಹಳೀ ಕಡ್ಡಿಯೊಳಗ ಗೊನಿ ಬರಂಗಿಲ್ರಿ’ ಎಂದರು ಕಾಕಾ, ಒಂದು ಕಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತ. ‘ಈ ವರ್ಷದ ಚಿಗುರಿಗೇ ಬರಬೇಕು. ಆದರ ಚಿಗುರು ಹಳೀದರಿಂದನ ಹೊರಡಬೇಕು.’ ಹೋದ ವರ್ಷದ ಭಕ್ತಿಯಿಂದ ಈ ವರ್ಷ ಹಣ್ಣು ಕೀಳಲಾಗದು, ಅಜ್ಜಿಯ ಭಕ್ತಿಯಿಂದಂತೂ ಇಲ್ಲವೇ ಇಲ್ಲ. ಆದರೆ ಅಜ್ಜಿ, ಅತ್ತೆಯಂಥ ಹಳೆಯ ಕಟ್ಟಿಗೆಯನ್ನು ಬಿಟ್ಟು ಚಿಗುರು ಗಾಳಿಯಲ್ಲಿ ಹೊರಡುವುದೂ ಇಲ್ಲ.

ಬುಡ ತೋರಿಸಿದಾಗ ನನಗೆ ನಗು ಬಂತು. ಮೇಲಿನ ಬಳ್ಳಿ ಥಾಮ್ಸನ್ ಜಾತಿ, ಬೇರು ಮಾತ್ರ ಅಮೆರಿಕದ ಟೆಕ್ಸಾಸ್ ಮೂಲದ ಡಾಗ್‌ರಿಜ್. ಉಪ್ಪುನೀರು, ಬರ ಎರಡನ್ನೂ ತಾಳುವ ಕಾಡು ಬೇರಿಗೆ ಸಿಹಿ ಹಣ್ಣಿನ ಕಣ್ಣು ಕೂಡಿಸಿ ಕಸಿ ಕಟ್ಟುತ್ತಾರೆ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ತಿಂದು ಹಾಳುಮಾಡಿದಾಗ ಯುರೋಪು ಕಂಡುಕೊಂಡ ಉಪಾಯವೂ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುವುದೇ. ಬೇರೆ ಊರಿನ ಬೇರಿಗೆ ಕಸಿಯಾದವರು ನಾವು ಎಂದು ನಮ್ಮಂಥವರನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ತಿಕೋಟಾದ ಮಣ್ಣು, ಟೆಕ್ಸಾಸಿನ ಬೇರು. ಹಣ್ಣು ವಿಜಯಪುರದ್ದೆಂದೇ ಪೇಟೆಯಲ್ಲಿ ಮಾರಾಟವಾಗುತ್ತದೆ.

ಸಭೆಯಿಂದ ವಿಜಯಪುರದ ಕಡೆ ಪ್ರವಾಸ ಹೊರಡುವವರಿಗೆ ಒಂದು ಮಾತು. ಫೆಬ್ರುವರಿಯಲ್ಲಿ ಗೊಂಚಲು ತೂಗುವಾಗ ಎಲ್ಲರೂ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಏಪ್ರಿಲ್‌ನಲ್ಲಿ ಹೋಗಿ, ಚಾಟ್ನಿ ನಡೆಯುವ ದಿನ ಕೇಳಿಕೊಂಡು. ಬಿಸಿಲು ವಿಪರೀತ, ನೀರು ಮತ್ತು ಟೋಪಿ ಇರಲಿ. ರೈತರನ್ನು ಕೇಳದೆ ಒಳಗೆ ಕಾಲಿಡಬೇಡಿ. ಸಾಲುಗಳ ನಡುವೆ ನಿಂತು ಯೋಹಾನ 15 ಓದಿಸಿ. ಅದರ ಮೇಲೆ ಪ್ರಸಂಗ ಬೇಡ. ಕತ್ತರಿ ಹಿಡಿದವರನ್ನೇ ಮಾತಾಡಿಸಿ.