ಮುಖವೇ ರಹದಾರಿ

ಇಳಕಲ್ಲಿನ ನಮ್ಮ ಸೋದರತ್ತೆ ಮೂರು ತಿಂಗಳು ಬೆಂಗಳೂರಿನಲ್ಲಿ ನಮ್ಮೊಡನಿದ್ದು ಊರಿಗೆ ಹೊರಟು ನಿಂತರು. ಎಪ್ಪತ್ತು ದಾಟಿದ ಜೀವಕ್ಕೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತಿರುವುದು ಕಷ್ಟ. ಆದುದರಿಂದ ಹುಬ್ಬಳ್ಳಿಯವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾದಾಮಿ, ಐಹೊಳೆಗಳನ್ನು ನೋಡಿಕೊಂಡು ಅವರನ್ನು ಮನೆ ಸೇರಿಸುವುದೆಂದು ನಿಶ್ಚಯವಾಯಿತು.

ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣದ ಬಾಗಿಲಲ್ಲಿ ಎರಡು ಬಗೆಯ ಸಾಲುಗಳುಂಟು. ಒಂದರಲ್ಲಿ ಕಾವಲಿನವರು ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಕೈಗೆ ತೆಗೆದುಕೊಂಡು, ಮುಖ ನೋಡಿ ಒಳಗೆ ಬಿಡುತ್ತಾರೆ. ಇನ್ನೊಂದು 'ಡಿಜಿ ಯಾತ್ರಾ' ಸಾಲು. ೨೦೨೨ರ ಡಿಸೆಂಬರ್ ೧ರಂದು ಬೆಂಗಳೂರು, ದೆಹಲಿ, ವಾರಾಣಸಿ ಈ ಮೂರು ನಿಲ್ದಾಣಗಳಲ್ಲಿ ಆರಂಭವಾದ ಏರ್ಪಾಡು ಇದು. ಆಮೇಲೆ ದೇಶದ ಇತರ ನಿಲ್ದಾಣಗಳಿಗೂ ಹಬ್ಬಿತು. ದೇಶದೊಳಗಿನ ಪ್ರಯಾಣಕ್ಕೆ ಇದನ್ನು ಬಳಸಬಹುದು. ಪ್ರಯಾಣಿಕನು ಮೊದಲೇ ತನ್ನ ಮೊಬೈಲಿನಲ್ಲಿ ಆಧಾರ್ ವಿವರವನ್ನೂ ತನ್ನ ಭಾವಚಿತ್ರವನ್ನೂ ಸೇರಿಸಿ, ವಿಮಾನದ ಬೋರ್ಡಿಂಗ್ ಪಾಸನ್ನು ಅದಕ್ಕೆ ಜೋಡಿಸಿ, ಹೊರಡುವ ನಿಲ್ದಾಣಕ್ಕೆ ಕಳುಹಿಸಿರಬೇಕು. ಬಾಗಿಲಲ್ಲಿ ಕ್ಯಾಮೆರಾದ ಮುಂದೆ ನಿಂತರೆ ಸಾಕು. ಮುಖವೂ ಚಿತ್ರವೂ ತಾಳೆಯಾದೊಡನೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ. ಯಾವುದನ್ನೂ ಮುಟ್ಟಬೇಕಾಗಿಲ್ಲ, ಯಾರಿಗೂ ಚೀಟಿ ತೋರಿಸಬೇಕಾಗಿಲ್ಲ. ಮೈ ಮತ್ತು ಚೀಲಗಳ ತಪಾಸಣೆ ಮಾತ್ರ ಎಲ್ಲರಿಗೂ ಒಂದೇ.

ನಾನು ಕ್ಯಾಮೆರಾದ ಕಡೆ ನೋಡಿದೆ, ಗೇಟು ತೆರೆಯಿತು, ಒಳಗೆ ನಡೆದೆ. ಕೆಲವು ಕ್ಷಣಗಳ ಕೆಲಸ. ಸ್ಮಾರ್ಟ್‌ಫೋನ್ ಇಲ್ಲದ ಅತ್ತೆಯವರು ಕೈಚೀಲದಿಂದ ಬಟ್ಟೆಯ ಗಂಟನ್ನು ತೆಗೆದು, ಬಿಚ್ಚಿ, ಆಧಾರ್ ಕಾರ್ಡನ್ನು ಹುಡುಕುತ್ತ ಇನ್ನೊಂದು ಸಾಲಿನಲ್ಲಿ ನಿಂತಿದ್ದರು. ನಾನು ಉಳಿಸಿದ ಕಾಲವೆಲ್ಲ ಗಾಜಿನ ಈಚೆ ಅವರನ್ನು ಕಾಯುವುದರಲ್ಲಿ ಹೋಯಿತು. ಅವರನ್ನು ಒಂಟಿಯಾಗಿ ಬಿಟ್ಟು ಬಂದೆನಲ್ಲಾ ಎಂದು ನಾಚಿಕೆಯೂ ಆಯಿತು.

ಹುಬ್ಬಳ್ಳಿಯಲ್ಲಿಳಿದು ನವಲಗುಂದ, ನರಗುಂದಗಳ ಎರೆನೆಲವನ್ನು ಹಾದು, ಮಲಪ್ರಭೆಯನ್ನು ದಾಟಿ ಬಾದಾಮಿ ಸೇರಿದೆವು. ಕೆಂಬಂಡೆಗಳ ನಡುವೆ ಅಗಸ್ತ್ಯತೀರ್ಥ ನಿಶ್ಚಲವಾಗಿತ್ತು. ಇಲ್ಲಿನ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಕ್ರಿ. ಶ. ೫೪೩ರ ಶಾಸನವಿದೆ. ಸುಮಾರು ನೂರು ವರ್ಷಗಳ ತರುವಾಯ ವಾತಾಪಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನೂ ಇದೇ ಊರಿನ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಿ ಹೋದನು. ರಾಜರಿಗೆ ತಮ್ಮ ಗುರುತು ಅಳಿಯಬಾರದೆಂಬ ಹಂಬಲ. ಪ್ರಯಾಣಿಕನಿಗಾದರೋ ಕೆಲಸ ಮುಗಿದೊಡನೆ ತನ್ನ ಗುರುತು ಅಳಿಯಬೇಕೆಂಬ ಆಸೆ. ವಿಮಾನ ಹೊರಟ ೨೪ ಗಂಟೆಗಳೊಳಗೆ ಮುಖದ ವಿವರವನ್ನು ನಿಲ್ದಾಣದವರು ಅಳಿಸಬೇಕೆಂಬುದು ಡಿಜಿ ಯಾತ್ರೆಯ ನಿಯಮ.

ಮರುದಿನ ಪಟ್ಟದಕಲ್ಲಿನ ಮಾರ್ಗವಾಗಿ ಹುನಗುಂದ ತಾಲ್ಲೂಕಿನ ಐಹೊಳೆಗೆ ಬಂದೆವು. ೬೩೪ರಲ್ಲಿ ರವಿಕೀರ್ತಿ ರಚಿಸಿದ ಶಾಸನವಿರುವ ಮೇಗುತಿ ಗುಡಿಯ ಮೆಟ್ಟಿಲನ್ನು ಅತ್ತೆಯವರು ನಿಧಾನವಾಗಿಯೇ ಹತ್ತಿದರು. ಈ ಊರಿನ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘದವರು ಕೋಣ, ಕತ್ತೆಗಳ ಮೇಲೆ ಸರಕು ಹೇರಿಕೊಂಡು ದಕ್ಷಿಣ ದೇಶವನ್ನೆಲ್ಲ ಸುತ್ತಿದವರು. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿಯೂ ೧೦೮೮ರ ಅವರ ತಮಿಳು ಶಾಸನವೊಂದು ದೊರೆತಿದೆ. ಪರದೇಶದಲ್ಲಿ ಅವರಿಗೆ ಸಂಘದ ಹೆಸರೇ ಗುರುತು; ಆ ಹೆಸರಿನ ಹಿಂದಿದ್ದುದು ಪರಸ್ಪರ ನಂಬಿಕೆ.

ಅಮೀನಗಡದಲ್ಲಿ ಕರದಂಟು ಕೊಂಡು, ಹುನಗುಂದ ದಾಟಿ, ಸಂಜೆಗೆ ಇಳಕಲ್ಲು. ಓಣಿಯ ತಿರುವಿನಲ್ಲಿಯೇ ಮಗ್ಗದ ಸದ್ದು ಕೇಳಿಸಿತು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಬಿಳಿಯ ತೋಪು ತೆನೆಯೇ ಅದರ ಸಹಿ. ನಾಡಿನ ಯಾವ ಮೂಲೆಯಲ್ಲಿ ಕಂಡರೂ ಈ ಸೀರೆ ಯಾವ ಊರಿನದೆಂದು ಹೇಳಲು ಯಂತ್ರ ಬೇಕಾಗಿಲ್ಲ.

ನಲವತ್ತು ವರ್ಷ ಎಳೆ ಹಿಡಿದ ಅತ್ತೆಯವರ ಬೆರಳ ತುದಿಗಳು ಸವೆದು ನುಣುಪಾಗಿವೆ. ಹಿಂದೊಮ್ಮೆ ಪಡಿತರದಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಮೂರು ಸಲ ಒಲ್ಲೆನೆಂದಿತಂತೆ. ದುಡಿದ ಕೈಯನ್ನು ಗುರುತಿಸದ ಯಂತ್ರದ ಮೇಲೆ ಅವರಿಗೆ ಅಂದಿನಿಂದ ಮುನಿಸು. ವಿಮಾನನಿಲ್ದಾಣದ ಈ ಏರ್ಪಾಡು ಬೆರಳನ್ನು ಕೇಳುವುದಿಲ್ಲ, ಮುಖವನ್ನಷ್ಟೇ ನೋಡುತ್ತದೆ ಎಂದು ನಾನು ವಿವರಿಸಿದೆ.

"ಮಾರಿ ಫೋಟೋ ಯಾರ ಹತ್ರ ಇರ್ತೈತಿ ತಮ್ಮಾ?" ಎಂದರು.

"ನಮ್ಮ ಫೋನಿನಾಗ ಇರ್ತೈತಿ ಅತ್ತಿ. ಹೊರಡೂ ಮುಂದ ನಾವs ಕಳಸಬೇಕು."

"ನಾ ಕೊಡಂಗಿಲ್ಲ ಅಂದ್ರ?"

"ಇನ್ನೊಂದು ಸಾಲಿನಾಗ ಹೋಗಬಹುದು. ಒತ್ತಾಯ ಇಲ್ಲ."

"ಹಂಗಿದ್ರ ಛಲೋ. ಆ ಸಾಲು ಮಾತ್ರ ತೆಗೀಬಾರದು ನೋಡು" ಎಂದು ಅವರು ಒಳಗೆ ದೀಪ ಹಚ್ಚಲು ಹೋದರು.

ಆ ಮಾತಿನಲ್ಲಿ ದೊಡ್ಡದೊಂದು ವಿಚಾರವಿತ್ತು. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ಹೂಡಿದ್ದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಕಳೆದ ಚೀಟಿಗೆ ಬದಲಿ ಚೀಟಿ ಪಡೆಯಬಹುದು. ಮುಖಕ್ಕೆ ಬದಲಿ ಮುಖವುಂಟೆ? ಆದುದರಿಂದ ಮುಖವನ್ನು ಕೊಡುವವನ ಒಪ್ಪಿಗೆ ಮನಃಪೂರ್ವಕವಾಗಿರಬೇಕು. ಪಡೆದವರು ಅಳಿಸುವ ಮಾತನ್ನು ಚಾಚೂ ತಪ್ಪದೆ ನಡೆಸಬೇಕು. ಫೋನಿಲ್ಲದವರ ಸಾಲು, ಅತ್ತೆಯವರು ಬಯಸಿದಂತೆ, ಎಂದೂ ಮುಚ್ಚಬಾರದು. ಅಲ್ಲಿ ಮುದುಕರಿಗೆ ಕೂರಲು ನಾಲ್ಕು ಕುರ್ಚಿಗಳೂ ಇರಲಿ.

ಮರುದಿನ ಹೊರಡುವಾಗ ಅತ್ತೆಯವರು ನನ್ನ ಹೆಂಡತಿಗೆಂದು ಸೀರೆಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ದೀಪಾವಳಿಗೆ ಮತ್ತೆ ಬರುವುದಾಗಿ ಹೇಳಿದ್ದಾರೆ. ಆಗ ಅವರು ಯಾವ ಸಾಲಿನಲ್ಲಿ ನಿಲ್ಲುತ್ತಾರೋ ಅದೇ ಸಾಲಿನಲ್ಲಿ ನಾನೂ ನಿಲ್ಲುವೆನು.