ಆ ಆಫೀಸಿನ ಪುಸ್ತಕದಾಗ ಇದು ಐತೇನು?

ನಾವು ತಾಲ್ಲೂಕು ಸುದ್ದಿ ಬರೆಯುವವರು. ಡಿಪ್ಲೊಮಾ ಮುಗಿಸಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಬೈಕಿನಲ್ಲಿ ಸುತ್ತುತ್ತಾ ಹತ್ತು ವರ್ಷ ದಾಟಿತು. ಬರುವ ಕಾಸು ಪೆಟ್ರೋಲಿಗೂ ಸಾಲದು. ಆದರೂ ಜನರ ದನಿ ನಾವೇ ಅನ್ನುವ ಹಮ್ಮು ಒಂದಿತ್ತು. ಅದನ್ನು ಇಳಿಸಿದ್ದು ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ.

ಊರು ಈ ಐದರಲ್ಲಿ ಒಂದು. ಯಾವುದು ಅಂತ ಬೇಡ. ಸಂತೆ ಬಯಲಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ನಸುಕಿನಲ್ಲಿ ಬಂದವರು ಸಂಜೆತನಕ ನೀರು ಕುಡಿಯುವುದಿಲ್ಲ. ನಾವು ಫೋಟೊ ಸಮೇತ ಬರೆದೆವು, ‘ಸಾರ್ವಜನಿಕರ ಆಕ್ರೋಶ’ ಅಂತ ಅಚ್ಚಾಯಿತು. ಪೇಪರ್ ತೋರಿಸಲು ಹೋದರೆ ಅಜ್ಜಿ ಕೇಳಿದರು: “ಮೂರು ಸಲ ಬರ್ಕೊಂಡು ಹೋದ್ರಿ. ಆ ಆಫೀಸಿನ ಪುಸ್ತಕದಾಗ ಇದು ಐತೇನು?”

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಹಳ್ಳಿಯಲ್ಲಿರುವ ನಿಮಗೆ ಗ್ರಾಮಸಭೆ ಗೊತ್ತು. ಸರಿಯಾಗಿ ನಡೆಯಲಿ ಬಿಡಲಿ, ಎದ್ದು ನಿಂತು ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಅದೇ ಊರು ಬೆಳೆದು ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆದರೆ ಗ್ರಾಮಸಭೆ ಹೋಯಿತು. ನಗರಾಡಳಿತಕ್ಕೆ ಬಲ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದು ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಮ್ಮ ಐದು ಊರುಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಉಳಿದವರು ವಾರ್ಡ್ ಸದಸ್ಯರು. ಅವರ ಪಾಡೂ ಕಂಡಿದ್ದೇವೆ. 2018ರಲ್ಲಿ ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಗೆದ್ದ ಸದಸ್ಯರು, ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿದ್ದರಿಂದ 2020ರ ಕೊನೆವರೆಗೂ ಅಧಿಕಾರವಿಲ್ಲದೆ ಕೂತರು. ಆಗ ಅಧಿಕಾರಿಗಳದೇ ಆಡಳಿತ.

ನಮ್ಮ ಜನಕ್ಕೆ ಕೇಳಲು ಬರುವುದಿಲ್ಲ ಅನ್ನಬೇಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ, 371 ಜೆ ಸೌಲಭ್ಯಕ್ಕಾಗಿ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಬದಲಿಸುವಷ್ಟು ದನಿ ಇದ್ದವರಿಗೆ ಓಣಿಯ ಚರಂಡಿ, ಸಂತೆಯ ಶೌಚಾಲಯದ ಮಾತು ಎಲ್ಲಿ ಆಡಬೇಕು ಅನ್ನುವುದೇ ಗೊತ್ತಿಲ್ಲ.

ಒಂದು ಜಾಗ ಇದೆ. ಬಜೆಟ್‌ಗೆ ಮುಂಚೆ ಪುರಸಭೆ, ಪಟ್ಟಣ ಪಂಚಾಯಿತಿಗಳು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯಬೇಕು. ನಾವು ಪ್ರತಿ ವರ್ಷ ಹೋಗುತ್ತಿದ್ದೆವು. ಕೂರುತ್ತಿದ್ದವರು ಮಾಜಿ ಸದಸ್ಯರು, ಗುತ್ತಿಗೆದಾರರು, ನಾವು. ಫೋಟೊ ತೆಗೆದು, ಚಹಾ ಕುಡಿದು ಬರುತ್ತಿದ್ದೆವು. ‘ಸಭೆ ಇದೆ, ಬನ್ನಿ’ ಅಂತ ಸಂತೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ತಪ್ಪು ನಮ್ಮದು.

ಅಜ್ಜಿ ಕೇಳಿದ ಮೇಲೆ 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಹಿಂದಿನ ಸಭೆಯ ನಡಾವಳಿ ಕೇಳಿದೆವು. ಬಂದ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ಸಾರ್ವಜನಿಕರು ಸಲಹೆ ನೀಡಿದರು. ಯಾರು, ಏನು, ಯಾವ ವಾರ್ಡು, ಒಂದೂ ಇಲ್ಲ.

ಮುಂದಿನ ಸಭೆಗೆ ಅಜ್ಜಿ ಐದು ಜನ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಹಿಂದಿನ ಕುರ್ಚಿಯಲ್ಲಿ ಕೂತರು. ಅರ್ಜಿ ಬರೆದುಕೊಟ್ಟದ್ದು ನಾವು, ಮಾತಾಡಿದ್ದು ಅವರು. ಮೊದಲು ಒಬ್ಬರು ನಕ್ಕರು. ಅಜ್ಜಿ ನಗಲಿಲ್ಲ: “ನೀರು ಕುಡಿದ್ರ ಎಲ್ಲಿಗೆ ಹೋಗ್ಬೇಕ್ರಿ ನಾವು?” ಸಭೆ ಸುಮ್ಮನಾಯಿತು. ಹೋಗುವಾಗ ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಏಳಲಿಲ್ಲ.

ಶೌಚಾಲಯ ಇನ್ನೂ ಆಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಈ ಸಲದ ನಡಾವಳಿಯಲ್ಲಿ ಸಂತೆ ಬಯಲು ಅಂತ ಇದೆ, ಮಹಿಳೆಯರ ಶೌಚಾಲಯ ಅಂತ ಇದೆ. ‘ಯಾರೂ ಕೇಳಿರಲಿಲ್ಲ’ ಅಂತ ಇನ್ನು ಯಾರೂ ಹೇಳುವಂತಿಲ್ಲ.

ನಿಮ್ಮೂರು ನಾಳೆ ಪಟ್ಟಣವಾಗಬಹುದು. ವಾಟ್ಸಾಪಿನಲ್ಲಿ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಬಜೆಟ್ ಸಭೆ ಯಾವಾಗ ಅಂತ ಕೇಳಿಕೊಳ್ಳಿ. ನಾವೂ ಈಗ ಸಭೆಗೆ ವಾರ ಮುಂಚೆ ಸಂತೆಗೆ ಹೋಗಿ ಹೇಳಿ ಬರುತ್ತೇವೆ.

ಅಜ್ಜಿ ಆ ಸೀಲಿನ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ. ನಮ್ಮ ಪೇಪರಿನಲ್ಲಿ ಸೊಪ್ಪು ಕಟ್ಟುತ್ತಾರೆ.